ಗುರುಗಳು ಹೊಡೆದುಹಾಕಿದ ಸಾಲುಗಳು



ಪಾಸ್ಖ ಜಾಗರಣೆಯ ರಾತ್ರಿ ಆದಿಕಾಂಡದ ಮೊದಲ ಅಧ್ಯಾಯ ಓದಿದ ಮೇಲೆ ಜ್ಞಾನೋಪದೇಶದ ತರಗತಿಯಲ್ಲಿ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ: "ಫಾದರ್, ಲೋಕ ಆಗಿದ್ದು ಆರು ದಿನದಲ್ಲೋ, ಸೈನ್ಸ್ ಮಿಸ್ ಹೇಳಿದ ಹಾಗೆ 1,380 ಕೋಟಿ ವರ್ಷದ ಹಿಂದೋ?" ಹಿರಿಯರಾದ ನಾವು ಇದರಿಂದ ಎರಡು ರೀತಿಯಲ್ಲಿ ತಪ್ಪಿಸಿಕೊಳ್ಳುತ್ತೇವೆ. ಒಂದೋ "ಹಾಗೆಲ್ಲ ಕೇಳಬಾರದು" ಎಂದು ಬಾಯಿ ಮುಚ್ಚಿಸುತ್ತೇವೆ. ಇಲ್ಲವೇ, ಬೈಬಲ್‌ನಲ್ಲಿ ಇದ್ದದ್ದನ್ನೇ ವಿಜ್ಞಾನಿಗಳು ಈಗ ಕಂಡುಹಿಡಿದಿದ್ದಾರೆ ಎಂಬ ವಾಟ್ಸಾಪ್ ಸಂದೇಶವನ್ನು ಮುಂದೆ ಹಿಡಿಯುತ್ತೇವೆ. ಮೊದಲನೆಯದು ಅಂಜಿಕೆ ಎಂದು ಎಲ್ಲರಿಗೂ ಗೊತ್ತು. ಎರಡನೆಯದೂ ಅಂಜಿಕೆಯೇ ಎಂದು ನನಗನ್ನಿಸುತ್ತದೆ.

ಸೈನ್ಸ್ ಮಿಸ್ ಹೇಳುವ ಆ ಪಾಠದ ಮೂಲ ಹುಡುಕುತ್ತ ಹೋದರೆ ಸಿಗುವವರು ಒಬ್ಬ ಕಥೋಲಿಕ ಗುರು. ಹೆಸರು ಜಾರ್ಜ್ ಲೆಮೇತ್ರ್. 1894ರಲ್ಲಿ ಬೆಲ್ಜಿಯಂನ ಶಾರ್ಲೆರ್ವಾ ಎಂಬ ಊರಿನಲ್ಲಿ ಹುಟ್ಟಿದವರು. ಎಂಜಿನಿಯರಿಂಗ್ ಓದುತ್ತಿದ್ದಾಗ ಮೊದಲ ಮಹಾಯುದ್ಧ ಬಂತು. ಫಿರಂಗಿ ದಳದಲ್ಲಿ ದುಡಿದರು. ಯುದ್ಧ ಮುಗಿಸಿ ಬಂದು ಗಣಿತ ಹಿಡಿದರು, ಜೊತೆಗೆ ಗುರುಮಠವನ್ನೂ ಸೇರಿದರು. 1923ರಲ್ಲಿ ಗುರುದೀಕ್ಷೆ ಆಯಿತು. ಅದೇ ವರ್ಷ ಕೇಂಬ್ರಿಜ್‌ಗೆ ಹೋಗಿ ಖಗೋಳ ವಿಜ್ಞಾನಿ ಎಡಿಂಗ್ಟನ್ ಅವರ ಬಳಿ ಕಲಿತರು.

1927ರಲ್ಲಿ ಅವರು ಬ್ರಸೆಲ್ಸ್‌ನ ಒಂದು ಪತ್ರಿಕೆಯಲ್ಲಿ ಫ್ರೆಂಚ್ ಭಾಷೆಯ ಲೇಖನ ಪ್ರಕಟಿಸಿದರು. ಐನ್‌ಸ್ಟೈನ್ ಅವರ ಸಮೀಕರಣಗಳಿಂದಲೇ ಹೊರಟು, ವಿಶ್ವ ಹಿಗ್ಗುತ್ತಿದೆ, ನಕ್ಷತ್ರಮಂಡಲಗಳು ನಮ್ಮಿಂದ ದೂರ ಸರಿಯುತ್ತಿರುವುದು ಅದರಿಂದಲೇ ಎಂದು ತೋರಿಸಿದರು. ಓದಿದವರು ಕಡಿಮೆ. ಅದೇ ವರ್ಷ ಬ್ರಸೆಲ್ಸ್‌ನಲ್ಲಿ ಐನ್‌ಸ್ಟೈನ್ ಸಿಕ್ಕಿದಾಗ, ಲೆಕ್ಕ ಸರಿಯಿದೆ, ಭೌತಶಾಸ್ತ್ರ ಮಾತ್ರ ಒಪ್ಪುವಂಥದ್ದಲ್ಲ ಎಂದುಬಿಟ್ಟರು. ಎರಡು ವರ್ಷದ ನಂತರ ಅಮೆರಿಕದಲ್ಲಿ ಖಗೋಳ ವಿಜ್ಞಾನಿ ಹಬಲ್ ಅವರ ಅಳತೆಗಳು ಹೊರಬಂದವು; ನಕ್ಷತ್ರಮಂಡಲಗಳು ದೂರ ಸರಿಯುವುದನ್ನು ಅವೂ ತೋರಿಸಿದವು. ಮುಂದೆ ಐನ್‌ಸ್ಟೈನ್ ಕೂಡ ವಿಶ್ವ ಹಿಗ್ಗುವುದನ್ನು ಒಪ್ಪಿಕೊಂಡರು. ಹಿಗ್ಗುತ್ತಿದೆ ಅಂದಮೇಲೆ ಹಿಂದೆ ಹೋದಷ್ಟೂ ಅದು ಕುಗ್ಗಿರಬೇಕಲ್ಲ? 1931ರಲ್ಲಿ ಲೆಮೇತ್ರ್ ಅದನ್ನೂ ಬರೆದರು. ಇಂಗ್ಲೆಂಡಿನ 'ನೇಚರ್' ಪತ್ರಿಕೆಗೆ ಒಂದು ಚಿಕ್ಕ ಪತ್ರ. ಇಡೀ ವಿಶ್ವ ಒಂದೇ ಒಂದು ಕಣದಿಂದ ಶುರುವಾಗಿರಬಹುದು ಎಂಬ ವಿಚಾರ. ಇದಕ್ಕೆ ಬಿಗ್ ಬ್ಯಾಂಗ್ ಎಂದು ಹೆಸರಿಟ್ಟವರು ಇದನ್ನು ಒಪ್ಪದಿದ್ದ ಫ್ರೆಡ್ ಹಾಯ್ಲ್, 1949ರಲ್ಲಿ, ಬಿಬಿಸಿ ರೇಡಿಯೊದಲ್ಲಿ. ಇರಲಿ.

ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು 1931ರ ಆ ಪತ್ರದ ಟೈಪ್ ಮಾಡಿದ ಪ್ರತಿಯನ್ನು. ಅದರಲ್ಲಿ ಅಚ್ಚಾಗದ ಕೊನೆಯ ಪರಿಚ್ಛೇದವೊಂದಿದೆ. ಪರಮಾತ್ಮನನ್ನು ನಂಬುವವರು ಆತ ಮರೆಯಲ್ಲಿರುವವನೆಂದೂ ನಂಬುತ್ತಾರೆ, ಸೃಷ್ಟಿಯ ಮೇಲೆ ಈಗಿನ ಭೌತಶಾಸ್ತ್ರವೇ ಒಂದು ತೆರೆ ಎಳೆದಿರುವುದನ್ನು ಕಂಡು ಅವರಿಗೆ ಸಂತೋಷವಾದೀತು ಎಂಬ ಅರ್ಥದ ಮಾತು. ಬರೆದವರು ಗುರುಗಳೇ. ಅಚ್ಚಿಗೆ ಕೊಡುವ ಮುಂಚೆ ಅದನ್ನು ಹೊಡೆದುಹಾಕಿದವರೂ ಅವರೇ.

ಯಾಕೆ? ದೇವರ ಹೆಸರೆತ್ತಲು ನಾಚಿಕೆಯೇ? ಪಾದ್ರಿಯ ನಿಲುವಂಗಿಯಲ್ಲೇ ಪಾಠ ಮಾಡುತ್ತಿದ್ದ, ಪ್ರತಿದಿನ ಬಲಿಪೂಜೆ ಅರ್ಪಿಸುತ್ತಿದ್ದ ಮನುಷ್ಯನಿಗೆ ಆ ನಾಚಿಕೆ ಇರಲಿಲ್ಲ. ನನಗೆ ತೋಚುವುದು ಇಷ್ಟು: ಆ ಲೆಕ್ಕವನ್ನು ದೇವರನ್ನು ನಂಬದವನೂ ಕೂತು ಪರೀಕ್ಷಿಸಬೇಕು, ಅವನಿಗೂ ಕಾಣುವ ಆಧಾರವನ್ನೇ ಕೊಡಬೇಕು. ದುರ್ಬಲವಾದ ವಾದಕ್ಕೆ ದೇವರನ್ನು ಊರುಗೋಲು ಮಾಡುವುದು ಭಕ್ತಿಯಲ್ಲ. 1958ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಅವರು ಇನ್ನೂ ಬಿಡಿಸಿ ಹೇಳಿದರು: ತಮ್ಮ ಸಿದ್ಧಾಂತ ಧರ್ಮದ ಪ್ರಶ್ನೆಗಳ ಹೊರಗಿದೆ, ದೇವರಿಲ್ಲ ಎನ್ನುವವನ ಸ್ವಾತಂತ್ರ್ಯವನ್ನು ಅದು ಕಸಿದುಕೊಳ್ಳುವುದಿಲ್ಲ. ಆ ಮಾತಿನ ಜೊತೆಗೇ ಪ್ರವಾದಿ ಯೆಶಾಯ ಹೇಳುವ ಮರೆಯಾದ ದೇವರನ್ನೂ ನೆನೆದರು.

ಇನ್ನು ಜಗದ್ಗುರುಗಳ ವಿಷಯ. 1951ರ ನವೆಂಬರ್‌ನಲ್ಲಿ ಹನ್ನೆರಡನೇ ಪಯಸ್ ಜಗದ್ಗುರುಗಳು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯಲ್ಲಿ ಮಾತಾಡುತ್ತ, ಬೆಳಕಾಗಲಿ ಎಂದ ಆದಿಯ ಆ ಗಳಿಗೆಗೆ ಇಂದಿನ ವಿಜ್ಞಾನ ಸಾಕ್ಷಿ ಹೇಳುತ್ತಿರುವಂತಿದೆ ಎಂದರು. ನಮ್ಮಲ್ಲಿ ಯಾರಿಗಾದರೂ ಇಂಥ ಪ್ರಶಂಸೆ ಸಿಕ್ಕಿದ್ದರೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆವು. ಲೆಮೇತ್ರ್‌ಗೆ ಕಸಿವಿಸಿಯಾಯಿತು. ಆಗ ಆ ಸಿದ್ಧಾಂತಕ್ಕೆ ಎದುರಾಳಿ ಸಿದ್ಧಾಂತ ಗಟ್ಟಿಯಾಗಿಯೇ ನಿಂತಿತ್ತು; ಆದಿಯ ಶಾಖದ ಉಳಿಕೆ ಎನ್ನಬಹುದಾದ ವಿಕಿರಣವನ್ನು ಪೆಂಜಿಯಸ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಪತ್ತೆಹಚ್ಚಿದ್ದು 1964–65ರಲ್ಲಿ. ನಾಳೆ ಲೆಕ್ಕ ಬಿದ್ದುಹೋದರೆ ಅದಕ್ಕೆ ಕಟ್ಟಿದ ವಿಶ್ವಾಸದ ಗತಿ? ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಓಕಾನಲ್ ಎಂಬ ಯೇಸುಸಭೆಯ ಗುರುಗಳೊಂದಿಗೆ ಈ ಆತಂಕ ಹಂಚಿಕೊಂಡರು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಗತ್ತಿನ ಖಗೋಳಜ್ಞರೆಲ್ಲ ರೋಮಿನಲ್ಲಿ ಸೇರಿದಾಗ ಜಗದ್ಗುರುಗಳು ಮತ್ತೆ ಮಾತಾಡಿದರು. ಸಾಕ್ಷಿಯ ಮಾತು ಅದರಲ್ಲಿ ಇರಲಿಲ್ಲ.

ಗೆಲಿಲಿಯೊ ವಿಷಯ ಕೇಳುವವರಿದ್ದೀರಿ, ಗೊತ್ತು. 1633ರಲ್ಲಿ ಅವರನ್ನು ಮಂಡಿಯೂರಿಸಿ ಭೂಮಿ ತಿರುಗುತ್ತದೆಂಬ ಮಾತು ಬಿಡಿಸಿದ್ದು ನಮ್ಮ ಧರ್ಮಸಭೆಯೇ. ಅವರನ್ನು ವಿಚಾರಿಸಿದವರು ತಪ್ಪಿದ್ದರು ಎಂದು ಎರಡನೇ ಜಾನ್ ಪಾಲ್ ಜಗದ್ಗುರುಗಳು 1992ರಲ್ಲಿ ಒಪ್ಪಿಕೊಂಡರು. ಆಗ ಶಾಸ್ತ್ರಗ್ರಂಥವನ್ನು ಆಕಾಶದ ಹಳೆಯ ಚಿತ್ರವೊಂದಕ್ಕೆ ಕಟ್ಟಿದ್ದೆವು. 1951ರಲ್ಲಿ ಹೊಸ ಚಿತ್ರಕ್ಕೆ ಕಟ್ಟಹೊರಟಿದ್ದೆವು. ಗಂಟು ಒಂದೇ. ಈ ಸಲ ಅದನ್ನು ಸಡಿಲಿಸಿದವರು ನಮ್ಮವರೇ ಆದ ಒಬ್ಬ ಗುರು ಎಂಬುದು ನನಗೆ ಹೆಮ್ಮೆ.

ಹಾಗಂತ ವಿಶ್ವಾಸಕ್ಕೂ ವಿಜ್ಞಾನಕ್ಕೂ ತಿಕ್ಕಾಟವೇ ಇಲ್ಲ ಎಂದು ಹೇಳಿ ನಾನು ಕೈತೊಳೆದುಕೊಳ್ಳಲಾರೆ. ನಮ್ಮ ಧರ್ಮಕೇಂದ್ರದಲ್ಲಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರಿದ್ದೀರಿ, ನರ್ಸ್‌ಗಳಿದ್ದೀರಿ. ರಕ್ತಪರೀಕ್ಷೆಗೆ ಮೊದಲು ಶಿಲುಬೆಯ ಗುರುತು ಹಾಕಿಕೊಳ್ಳುತ್ತೀರಿ. ರೋಗಿ ನಿಮ್ಮ ಸ್ವಂತ ತಂಗಿಯೇ ಆಗಿದ್ದರೂ, ರಾತ್ರಿಯಿಡೀ ಜಪಸರ ಹಿಡಿದು ಬೇಡಿದ್ದರೂ, ಬಂದ ಅಂಕಿಯನ್ನೇ ವರದಿಯಲ್ಲಿ ಬರೆಯುತ್ತೀರಿ. ಅಂಥ ಹೊತ್ತಿನಲ್ಲಿ ಎರಡೂ ಸುಲಭವಾಗಿ ಹೊಂದಿಕೊಳ್ಳುತ್ತವೆ ಎಂದು ಯಾರಾದರೂ ಅಂದರೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆದರೂ ಆ ಅಂಕಿಯನ್ನು ತಿದ್ದದೆ ಬರೆಯುವ ಕೈ ಪ್ರಾರ್ಥಿಸುವ ಕೈಯೇ. ಅದನ್ನು ನಾನು ವಿಶ್ವಾಸದ ಸೋಲು ಎಂದು ಕರೆಯುವುದಿಲ್ಲ.

ಮಕ್ಕಳೇ, ಪರೀಕ್ಷೆಯಲ್ಲಿ 1,380 ಕೋಟಿ ವರ್ಷ ಎಂದೇ ಬರೆಯಿರಿ. ಯಾರಾದರೂ ಗದರಿದರೆ ನನ್ನ ಹೆಸರು ಹೇಳಿ. ಈಗ ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳೋಣ. ಭೂಮ್ಯಾಕಾಶಗಳನ್ನು ಸೃಷ್ಟಿಸಿದವರು ಯಾರೆಂದು ಅದರಲ್ಲಿದೆ, ಎಷ್ಟು ದಿನದಲ್ಲಿ ಎಂಬುದಿಲ್ಲ.