ಯಾವುದು ಮೂಲ?

ಹ್ಯಾಂಡೆಲ್‌ನ ‘ಮೆಸ್ಸಾಯ’ ಎಂಬ ಕ್ರೈಸ್ತ ಗಾನರೂಪಕವನ್ನು 1784ರಲ್ಲಿ ಲಂಡನ್ನಿನಲ್ಲಿ ಸುಮಾರು ಐನೂರು ಮಂದಿ ಹಾಡಿ ನುಡಿಸಿದರಂತೆ. ಈ ಆಡಂಬರ ಸಾಕೆಂದು ನಮ್ಮ ಕಾಲದ ಕಲಾವಿದರು ಹಳೆಯ ವಾದ್ಯಗಳಿಗೆ, ಪುಟ್ಟ ಮೇಳಕ್ಕೆ ಮರಳಿದ್ದಾರೆ. ಮೂಲಕ್ಕೆ ನಿಷ್ಠೆ ಎನ್ನುತ್ತಾರೆ. ಯಾವ ಮೂಲ?

1742ರ ಏಪ್ರಿಲ್ 13ರಂದು ಡಬ್ಲಿನ್‌ನಲ್ಲಿ ಮೊದಲ ಪ್ರಯೋಗದಲ್ಲಿ ಹಾಡಿದವರಲ್ಲಿ ಸುಸಾನ್ನಾ ಸಿಬ್ಬರ್ ಒಬ್ಬಳು. ಅವಳ ಪ್ರಿಯಕರನ ಮೇಲೆ ಗಂಡ 1738ರಲ್ಲಿ ಹೂಡಿದ ಮೊಕದ್ದಮೆಯಿಂದ ಅವಳ ಮಾನ ಬೀದಿಗೆ ಬಿದ್ದಿತ್ತು. (ಆ ಗಂಡನ ಹೆಸರು ನಾನು ಬರೆಯುವುದಿಲ್ಲ.) ಅವಳದು ದೊಡ್ಡ ಕಂಠವಲ್ಲ. ಹ್ಯಾಂಡೆಲ್ ಅವಳಿಗಾಗಿ ಒಂದು ಹಾಡಿನ ಶ್ರುತಿಯನ್ನೇ ಇಳಿಸಿದ. ಬೇರೆ ಗಾಯಕರು ಬಂದಾಗ ಮತ್ತೆ ಬದಲಿಸಿದ. ಬರೆದವನೇ ಇಷ್ಟು ಬಗ್ಗಿದ ಮೇಲೆ ನಿಷ್ಠೆ ಯಾರಿಗೆ, ಬರಹಕ್ಕೋ, ಹಾಡುವವಳಿಗೋ?

ನಾನಂತೂ ಶಾಲೆಯಲ್ಲಿ ಪ್ರಾರ್ಥನೆ ಹಾಡಿಸುವಾಗ ಕೀರಲು ದನಿಯ ಹುಡುಗಿಗೆ, “ನೀನು ಸುಮ್ಮನೆ ತುಟಿ ಆಡಿಸು” ಎಂದವಳು. ಅವತ್ತು ರಾಗವೇನೋ ಕೆಡಲಿಲ್ಲ.