ಪ್ರತಿಕೃತಿಯೂ ಋಣವೂ

ಹಿರಿಯರ ಕೃತಿಯನ್ನು ಎದುರಿಗಿಟ್ಟುಕೊಂಡು ಗೆರೆಗೆ ಗೆರೆ ಬರೆದುಕೊಳ್ಳುವುದು ಕಲಿಕೆಯೋ, ಕಳವೋ? ಇಟಲಿಯ ಮಹಾಶಿಲ್ಪಿ ಮೈಕೆಲೆಂಜೆಲೊನ (1475–1564) ತಾರುಣ್ಯದ ರೇಖಾಚಿತ್ರಗಳು ಈ ಪ್ರಶ್ನೆಯನ್ನು ಜಟಿಲಗೊಳಿಸುತ್ತವೆ.

ಫ್ಲಾರೆನ್ಸ್ ನಗರದ ಸಾಂಟಾ ಕ್ರೋಚೆ ಚರ್ಚಿನ ಗೋಡೆಯ ಮೇಲೆ ಜೊತ್ತೊ ಚಿತ್ರಿಸಿದ್ದ ಇಬ್ಬರು ಪುರುಷರನ್ನು ಆತನು ಲೇಖನಿಯಿಂದ ಕಾಗದಕ್ಕಿಳಿಸಿಕೊಂಡನು. ಜೊತ್ತೊ 1337ರಲ್ಲಿಯೇ ಗತಿಸಿದ್ದನು. ಇನ್ನೊಂದು ಹಾಳೆಯಲ್ಲಿ ಮಸಾಚ್ಚೊ ಚಿತ್ರಿಸಿದ, ಸುಂಕದವನಿಗೆ ನಾಣ್ಯ ಸಲ್ಲಿಸುತ್ತಿರುವ ಸಂತ ಪೀಟರನಿದ್ದಾನೆ. ಸುಂಕದವನನ್ನೂ ಹಿಂದಿನ ಕಟ್ಟಡವನ್ನೂ ಕೈಬಿಟ್ಟು, ಪೀಟರನೊಬ್ಬನನ್ನೇ ಆರಿಸಿಕೊಂಡು, ಒಂದರ ಮೇಲೊಂದು ಹಾಯುವ ಗೆರೆಗಳಿಂದ ಆತನ ಉಡುಪಿನ ಮಡಿಕೆಗಳಿಗೆ ಕಲ್ಲಿನ ಭಾರವನ್ನು ತಂದಿದ್ದಾನೆ. ನೋಡಿ ಬರೆದುದಾದರೂ ಇದು ಕುರುಡು ಅನುಕರಣೆಯಲ್ಲ. ಮುಂದಿನ ಶಿಲ್ಪಿ ಅಲ್ಲಿ ಆಗಲೇ ಕಾಣಿಸಿಕೊಳ್ಳುತ್ತಾನೆ.

ಆದರೆ ಅದೇ ಕೈ ಮತ್ತೊಂದು ಕೆಲಸವನ್ನೂ ಮಾಡಿತು. ಆತನ ಚರಿತ್ರೆ ಬರೆದ ವಸಾರಿಯ ಪ್ರಕಾರ, ಹಳೆಯ ಕಲಾವಿದರ ಚಿತ್ರಗಳನ್ನು ತಂದು, ಪ್ರತಿ ತೆಗೆದು, ಹೊಗೆ ಹಿಡಿಸಿ ಹಳತಾಗಿಸಿ, ಆ ಪ್ರತಿಯನ್ನೇ ಒಡೆಯನಿಗೆ ಕೊಟ್ಟು ಮೂಲವನ್ನು ತಾನಿಟ್ಟುಕೊಳ್ಳುತ್ತಿದ್ದನಂತೆ. ವಸಾರಿ ಇದನ್ನು ಕಲಾಪ್ರೇಮವೆಂದು ಮೆಚ್ಚಿಯೇ ಬರೆದಿದ್ದಾನೆ. ಎರವಲು ತಂದ ಬೆಳ್ಳಿಯ ಬಟ್ಟಲಿಗೆ ಬದಲಾಗಿ ಬೇರೊಂದನ್ನು ಹಿಂದಿರುಗಿಸಿದವನನ್ನು ಪೇಟೆಯಲ್ಲಿ ಯಾರೂ ಬೆಳ್ಳಿಯ ಪ್ರೇಮಿಯೆನ್ನಲಾರರು! 1496ರಲ್ಲಿ ಆತನ ನಿದ್ರಿಸುವ ಮನ್ಮಥನ ಶಿಲ್ಪವು ಪ್ರಾಚೀನವೆಂಬ ಹೆಸರಿನಲ್ಲಿ ರೋಮಿನ ಕಾರ್ಡಿನಲ್ ರಿಯಾರಿಯೊಗೆ 200 ಡುಕಾಟಿಗೆ ಮಾರಾಟವಾಯಿತು. ಶಿಲ್ಪಿಗೆ ದಲ್ಲಾಳಿ ಕೊಟ್ಟದ್ದು 30 ಮಾತ್ರ. ವಂಚನೆಯಲ್ಲಿ ಪಾಲುಗೊಂಡವನು ವಂಚಿತನೂ ಆದನು.

ಪೀಟರನನ್ನು ಬರೆದ ಲೇಖನಿಗೂ ಪ್ರತಿಗಳನ್ನು ತೆಗೆದ ಲೇಖನಿಗೂ ಭೇದವಿಲ್ಲ. ಭೇದವಿರುವುದು ಹೊಗೆಯಲ್ಲಿ. ಯಾರಿಂದ ಪಡೆದೆನೆಂಬುದನ್ನು ಮರೆಮಾಚಿದ ಕ್ಷಣದಲ್ಲಿ ವಿದ್ಯೆಯು ಅಪಹರಣವಾಯಿತು. ಕೌಶಲವು ಹೆಚ್ಚಿದಷ್ಟೂ ಆ ಅಪರಾಧವು ಹಗುರವಾಗುವುದಿಲ್ಲ.

ಹಾಗಾದರೆ ಕಲಿತವನು ಹಿರಿಯರಿಗೆ ಹಿಂದಿರುಗಿಸಿದ್ದೇನು? ಫ್ಲಾರೆನ್ಸಿನ ಕಾರ್ಮಿನೆ ಮಠದ ಅಂಗಳದಲ್ಲಿ ಮಸಾಚ್ಚೊ ಬರೆದಿದ್ದ ಮೆರವಣಿಗೆಯ ಭಿತ್ತಿಚಿತ್ರವು ಬಹುಕಾಲದ ಹಿಂದೆಯೇ ನಾಶವಾಯಿತು. ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿರುವ ಮೈಕೆಲೆಂಜೆಲೊನ ಹಾಳೆಯೊಂದರಲ್ಲಿ ನಿಲುವಂಗಿ ತೊಟ್ಟ ಪುರುಷರು ನಿಂತಿದ್ದಾರೆ. ಅವರು ಆ ಚಿತ್ರದವರೇ ಇರಬೇಕೆಂದು ಹಲವು ವಿದ್ವಾಂಸರ ಅಭಿಪ್ರಾಯ. ಸಾಂಟಾ ಕ್ರೋಚೆಯಲ್ಲಿ ಜೊತ್ತೊನ ಗೋಡೆಗೂ 18ನೇ ಶತಮಾನದಲ್ಲಿ ಸುಣ್ಣ ಬಳಿದರು. ಮುಂದಿನ ಶತಮಾನದಲ್ಲಿ ಸುಣ್ಣವನ್ನು ಕೆರೆದು ತೆಗೆದಾಗ ಬಣ್ಣವು ಬಹುವಾಗಿ ಸವೆದಿತ್ತು. ತರುಣನು ಬರೆದುಕೊಂಡಿದ್ದ ಆ ಇಬ್ಬರು ಪುರುಷರ ಹಾಳೆ ಮಾತ್ರ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಂದಿಗೂ ಇದೆ.