ಸೆಳೆತ ಬೇರೆ, ಪಾಪ ಬೇರೆ

ಹಾನಗಲ್ಲ ಕಡೆ ಬೆಳೆದವರಿಗೆ ಮಾವಿನ ತೋಪು ಹೊಸದಲ್ಲ, ಬೇಲಿ ನುಸುಳಿ ಕಾಯಿ ಕೀಳುವ ಹುಡುಗರೂ ಹೊಸಬರಲ್ಲ. ಉಪ್ಪು ಖಾರ ಹಚ್ಚಿ ತಿನ್ನುವ ಆಸೆ, ಅಷ್ಟೇ. ಸುಮಾರು 1,650 ವರ್ಷಗಳ ಹಿಂದೆ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ ಹದಿನಾರರ ಹುಡುಗನೊಬ್ಬ ಗೆಳೆಯರ ಜೊತೆ ರಾತ್ರಿ ಹೋಗಿ ನೆರೆಯವರ ಮರಸೇಬಿನ ಮರವನ್ನು ಅಲುಗಾಡಿಸಿ ಬರಿದು ಮಾಡಿದ. ಅವನಿಗೆ ಹಸಿವಿರಲಿಲ್ಲ. ಅದಕ್ಕಿಂತ ಒಳ್ಳೆಯ ಹಣ್ಣು ಅವನ ಬಳಿಯೇ ಇತ್ತು. ಕದ್ದದ್ದರಲ್ಲಿ ಹೆಚ್ಚಿನ ಪಾಲು ಹಂದಿಗಳಿಗೆ ಹೋಯಿತು.

ಆ ಹುಡುಗನೇ ಮುಂದೆ ಸಂತ ಅಗಸ್ಟೀನರಾದರು (354–430). ಬೇಡದ ಹಣ್ಣನ್ನು ಯಾಕೆ ಕದ್ದೆ ಎಂಬ ಪ್ರಶ್ನೆ ಅವರನ್ನು ಬಿಡಲೇ ಇಲ್ಲ. ‘ಕನ್ಫೆಷನ್ಸ್’ ಎಂಬ ಗ್ರಂಥದಲ್ಲಿ ಆ ಸಣ್ಣ ಕಳ್ಳತನಕ್ಕೆ ಪುಟಗಟ್ಟಲೆ ಜಾಗ ಕೊಟ್ಟರು. ತಪ್ಪು ಎಂದು ಗೊತ್ತಿದ್ದೂ ಮನಸ್ಸು ಆ ಕಡೆಗೇ ವಾಲುವುದನ್ನು ಕಥೋಲಿಕ ಧರ್ಮಸಭೆ ಲ್ಯಾಟಿನ್ನಿನಲ್ಲಿ ‘ಕಾನ್ಕುಪಿಸೆಂಶಿಯಾ’ ಎನ್ನುತ್ತದೆ. ನಾವು ಪಾಪದ ಸೆಳೆತ ಎನ್ನೋಣ.

387ರಲ್ಲಿ ಮಿಲಾನಿನಲ್ಲಿ ಬಿಷಪ್ ಅಂಬ್ರೋಸರಿಂದ ಅಗಸ್ಟೀನರು ದೀಕ್ಷಾಸ್ನಾನ ಪಡೆದರು. ದೀಕ್ಷಾಸ್ನಾನ ಜನ್ಮಪಾಪವನ್ನೂ ಅದುವರೆಗಿನ ಸ್ವಂತ ಪಾಪಗಳನ್ನೂ ತೊಳೆಯುತ್ತದೆ ಎಂಬುದು ಕಥೋಲಿಕರ ವಿಶ್ವಾಸ. ಹಾಗಾದರೆ ಸೆಳೆತವೂ ಹೋಗಬೇಕಲ್ಲ? ಸುಮಾರು ಹತ್ತು ವರ್ಷಗಳ ನಂತರ, ತಾವೇ ಬಿಷಪ್ ಆಗಿದ್ದಾಗ ಬರೆದ ‘ಕನ್ಫೆಷನ್ಸ್’ನ ಹತ್ತನೆಯ ಭಾಗದಲ್ಲಿ ಅವರು ತಮ್ಮನ್ನು ತಾವೇ ತಪಾಸಣೆಗೆ ಒಡ್ಡಿಕೊಳ್ಳುತ್ತಾರೆ. ಊಟದ ರುಚಿ ಇನ್ನೂ ಎಳೆಯುತ್ತದೆ. ದೇವಾಲಯದ ಹಾಡಿನಲ್ಲಿ ಅರ್ಥಕ್ಕಿಂತ ರಾಗವೇ ಹೆಚ್ಚು ಹಿತವಾಗುತ್ತದೆ. ಮನೆಯಲ್ಲಿ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಕುಳಿತರೆ ಧ್ಯಾನ ಮರೆತುಹೋಗುತ್ತದೆ. ಹೊಗಳಿಕೆಯಂತೂ ಬಿಟ್ಟೇನೆಂದರೂ ಬಿಡದು. ಒಬ್ಬ ಧರ್ಮಾಧ್ಯಕ್ಷರು ಇಷ್ಟು ನೇರವಾಗಿ ಬರೆದದ್ದನ್ನು ಓದಿದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ಈ ವಿಷಯದಲ್ಲಿ ದೊಡ್ಡ ವಾಗ್ವಾದ ಎದ್ದದ್ದು ಹದಿನಾರನೆಯ ಶತಮಾನದಲ್ಲಿ. ಒಳಗೆ ಉಳಿದ ಆ ಸೆಳೆತವೂ ನಿಜವಾಗಿ ಪಾಪವೇ, ನಂಬಿದವನ ಮೇಲೆ ದೇವರು ಅದನ್ನು ಹೊರಿಸುವುದಿಲ್ಲ ಅಷ್ಟೇ ಎಂದರು ಮಾರ್ಟಿನ್ ಲೂಥರ್. ಕಥೋಲಿಕರ ಟ್ರೆಂಟ್ ಮಹಾಸಭೆ 1546ರ ಜೂನ್ 17ರಂದು ಬೇರೆ ಉತ್ತರ ಕೊಟ್ಟಿತು: ಸೆಳೆತ ಪಾಪದಿಂದ ಹುಟ್ಟಿದ್ದು, ಪಾಪದ ಕಡೆಗೇ ಒಯ್ಯುವಂಥದ್ದು, ಆದರೆ ಅದೇ ಪಾಪವಲ್ಲ. ಹೋರಾಟಕ್ಕೆಂದೇ ಅದು ನಮ್ಮೊಳಗೆ ಉಳಿದಿದೆ. ಒಪ್ಪದೆ, ಕ್ರಿಸ್ತನ ವರಪ್ರಸಾದದ ಬಲದಿಂದ ಎದುರು ನಿಂತವನಿಗೆ ಅದು ಕೇಡು ಮಾಡಲಾರದು.

ಹಳೆಯ ಪಂಡಿತರು ಇದಕ್ಕೆ ‘ಫೋಮೆಸ್’ ಎಂಬ ಹೆಸರನ್ನೂ ಕೊಟ್ಟಿದ್ದರು. ಬೆಂಕಿ ಹೊತ್ತಿಸಲು ಇಡುವ ಒಣ ಪದಾರ್ಥ ಎಂದು ಅರ್ಥ. ಸವಣೂರಿನ ಎರೆಹೊಲಗಳಲ್ಲಿ ಹತ್ತಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಕಿಪೆಟ್ಟಿಗೆ ಬರುವ ಮೊದಲು ಚಕಮಕಿ ಕಲ್ಲಿನ ಜೊತೆ ಒಣ ಅರಳೆ ಇಟ್ಟುಕೊಳ್ಳುತ್ತಿದ್ದರಲ್ಲ, ಅದೇ ಇದು. ಚೀಲದಲ್ಲಿ ಅರಳೆ ಇದೆಯೆಂದ ಮಾತ್ರಕ್ಕೆ ಮನೆ ಸುಡುವುದಿಲ್ಲ. ಹಾಗಂತ ಅದನ್ನು ಒಲೆಯ ಪಕ್ಕ ಇಡುವವರೂ ಇಲ್ಲ.

ಕಿಡಿ ಹೊತ್ತುವ ಬಗೆಯನ್ನು ಅಗಸ್ಟೀನರು ಮೂರು ಹೆಜ್ಜೆಗಳಲ್ಲಿ ಗುರುತಿಸಿದರು: ಸೂಚನೆ, ಸುಖ, ಒಪ್ಪಿಗೆ. ಹಿರೇಕೆರೂರಿನ ಕಡೆ ಗೋವಿನಜೋಳ ಬಿತ್ತಲು ಹೊಲ ಹದ ಮಾಡುತ್ತಿರುವ ರೈತನನ್ನು ನೆನೆಯಿರಿ. ಬದುವಿನ ಹತ್ತಿರ ಬಂದಾಗ ‘ಇನ್ನೊಂದು ಗೇಣು ಒತ್ತಿದರ ಯಾರಿಗೆ ಗೊತ್ತಾಗತೈತಿ’ ಎಂಬ ಮಾತು ತಲೆಯಲ್ಲಿ ಹಾಯುತ್ತದೆ. ಇದು ಸೂಚನೆ, ಇದರಲ್ಲಿ ಪಾಪವಿಲ್ಲ. ವರ್ಷಕ್ಕೊಂದು ಗೇಣಾದರೆ ಹತ್ತು ವರ್ಷಕ್ಕೆ ಎಷ್ಟಾದೀತು ಎಂದು ಮನಸ್ಸು ಲೆಕ್ಕ ಹಾಕಿ ಸವಿಯುತ್ತದೆ. ಅಪಾಯ ಇಲ್ಲಿದೆ. ಆಗಲಿ ಎಂದು ಒಳಗೇ ನಿಶ್ಚಯಿಸಿದ ಗಳಿಗೆಯಲ್ಲಿ, ನೇಗಿಲು ಬದು ಮುಟ್ಟುವ ಮೊದಲೇ, ಪಾಪ ನಡೆದುಹೋಯಿತು.

ಅರಿಷಡ್ವರ್ಗದ ಮಾತು ಕೇಳಿ ಬೆಳೆದ ನಮಗೆ ಇದೆಲ್ಲ ಪರಿಚಿತವೆನಿಸೀತು. ಆದರೆ ಒಂದು ವ್ಯತ್ಯಾಸವಿದೆ. ಕಥೋಲಿಕ ಚಿಂತನೆಯಲ್ಲಿ ಆಸೆ ವೈರಿಯಲ್ಲ, ದೇಹವೂ ವೈರಿಯಲ್ಲ. ದೇವರು ಸೃಷ್ಟಿಸಿದ್ದೆಲ್ಲ ಒಳ್ಳೆಯದು, ಕೆಟ್ಟಿರುವುದು ಅದರ ಕ್ರಮ. ಆ ಕ್ರಮವನ್ನು ಮನುಷ್ಯ ತನ್ನ ಛಲದಿಂದಲೇ ಸರಿಪಡಿಸಿಕೊಳ್ಳಬಲ್ಲ ಎಂಬ ಪೆಲಾಗಿಯಸನ ಬೋಧನೆಯನ್ನು 418ರಲ್ಲಿ ಕಾರ್ಥೇಜಿನ ಸಭೆ ತಳ್ಳಿಹಾಕಿತು. ಮೊದಲು ಬೇಕಾದದ್ದು ಮೊರೆ. ಶಿಗ್ಗಾವಿ ತಾಲ್ಲೂಕಿನ ಬಾಡದ ಕನಕದಾಸರ ‘ಹರಿಭಕ್ತಿಸಾರ’ದ ಪದ್ಯಗಳು ರಕ್ಷಿಸು ಎಂಬ ಬೇಡಿಕೆಯಲ್ಲೇ ಮುಗಿಯುತ್ತವೆ. ತತ್ತ್ವ ಬೇರೆಯಾದರೂ ತನ್ನ ಬಲ ಸಾಲದೆಂದು ಅರಿತವನ ದನಿ ಅಲ್ಲಿಯೂ ಕೇಳುತ್ತದೆ.

ಮೊರೆಯಿಟ್ಟು ಕೈಕಟ್ಟಿ ಕೂರಬೇಕೆಂದಲ್ಲ. ಪ್ರಾರ್ಥನೆ, ತಪಸ್ಸುಕಾಲದ ಉಪವಾಸ, ಪರಮಪ್ರಸಾದ, ಇವೆಲ್ಲ ಇವೆ. ನನಗೆ ಬಹಳ ಹಿಡಿಸಿದ್ದು ಲೊಯೋಲದ ಸಂತ ಇಗ್ನೇಷಿಯಸರ ಒಂದು ಉಪಾಯ. 1548ರಲ್ಲಿ ಪೋಪರ ಮನ್ನಣೆ ಪಡೆದ ಅವರ ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕಿರುಪುಸ್ತಕದಲ್ಲಿ ಅದಿದೆ. ಒಂದೇ ಒಂದು ದೋಷವನ್ನು ಆರಿಸಿಕೊಳ್ಳಿ. ದಿನಕ್ಕೆರಡು ಗೆರೆ ಎಳೆಯಿರಿ. ಮಧ್ಯಾಹ್ನ ಒಮ್ಮೆ, ರಾತ್ರಿ ಒಮ್ಮೆ ಕುಳಿತು, ಎಷ್ಟು ಸಲ ಬಿದ್ದಿರೋ ಅಷ್ಟು ಚುಕ್ಕೆ ಇಡಿ. ನಿನ್ನೆಯ ಗೆರೆಯನ್ನು ಇಂದಿನದರ ಪಕ್ಕ, ಹೋದ ವಾರದ್ದನ್ನು ಈ ವಾರದ್ದರ ಪಕ್ಕ ಇಟ್ಟು ನೋಡಿ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕದಷ್ಟು ಸರಳ.

ಪಾಪನಿವೇದನೆಯೂ ಹೀಗೇ ನೆಲಕ್ಕೆ ಅಂಟಿದ ಸಂಸ್ಕಾರ. ಬದು ಒತ್ತಿದವನು ಗುರುಗಳ ಮುಂದೆ ಮೊಣಕಾಲೂರಿ ಅತ್ತರೆ ಸಾಲದು. ಒತ್ತಿದ ಗೇಣನ್ನು ನೆರೆಯವನಿಗೆ ಬಿಟ್ಟುಕೊಡುವ ಮನಸ್ಸಿಲ್ಲದಿದ್ದರೆ ಆ ಪಶ್ಚಾತ್ತಾಪವೇ ಪೂರ್ತಿಯಾಗಿಲ್ಲ.

430ರಲ್ಲಿ, ತಾವು ಬಿಷಪ್ ಆಗಿದ್ದ ಹಿಪ್ಪೋ ನಗರಕ್ಕೆ ವ್ಯಾಂಡಲರು ಮುತ್ತಿಗೆ ಹಾಕಿದ್ದಾಗ ಅಗಸ್ಟೀನರು ಜ್ವರದಿಂದ ಹಾಸಿಗೆ ಹಿಡಿದಿದ್ದರು. ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಎದುರಿನ ಗೋಡೆಗೆ ಹಚ್ಚಿಸಿಕೊಂಡು, ಮಲಗಿದಲ್ಲಿಂದಲೇ ಓದುತ್ತ ಅಳುತ್ತಿದ್ದರೆಂದು ಜೊತೆಗಿದ್ದ ಪೊಸ್ಸಿಡಿಯಸ್ ದಾಖಲಿಸಿದ್ದಾರೆ. ದೀಕ್ಷಾಸ್ನಾನವಾಗಿ ಆಗ 43 ವರ್ಷಗಳಾಗಿದ್ದವು.